ನೋಡ್ಲಿಕ್ಕೆ ರೊಕ್ಕ ಹತ್ತೂದಿಲ್ಲ

ಅಂಗಡಿಗೆ ಹೋದ ಮ್ಯಾಲೆ ಏನರೆ ಕೊಂಡ ಬರಬೇಕು ಅಂತ ಎಲ್ಲಿ ಬರದದ ಹೇಳ್ರಿ? ನಮ್ಮನಿಯವರಿಗೆ ಇದು ತಿಳಿಯೂದ ಇಲ್ಲ. “ತಗೊಳ್ಳೂದಿಲ್ಲ ಅಂದ ಮ್ಯಾಲೆ ಒಳಗ ಯಾಕ ಹೋಗ್ತಿ?” ಅಂತ ಬಾಗಲದಾಗ ನಿಂತ ಬಿಡ್ತಾರ. ನನಗ ಸೀರಿ ಅಂಗಡಿಗಿಂತ ಮನಿ ಸಾಮಾನಿನ ಅಂಗಡಿ ಹೆಚ್ಚ ಸೇರತದ. ಸೋಫಾ ಕೊಳ್ಳೂ ವಿಚಾರ ಇರೂದಿಲ್ಲ. ಸೋಫಾದ ಬಾಜೂಕ ದೀಪಾ ಎಷ್ಟ ಎತ್ತರಕ್ಕ ಇಟ್ಟಾರ, ಕುರ್ಚಿಗೂ ಗ್ವಾಡಿಗೂ ನಡುವ ಎಷ್ಟ ಜಾಗಾ ಬಿಟ್ಟಾರ, ಎರಡ ಬಣ್ಣ ಒಂದರ ಪಕ್ಕಕ್ಕ ಒಂದು ಹೆಂಗ ಕೂತಾವ, ಇದನ್ನ ನೋಡೂದು. ಇದಕ್ಕ ಯಾರೂ ಬಿಲ್ಲು ಹಾಕೂದಿಲ್ಲ.

ಎರಡ ವರ್ಷದ ಹಿಂದ ಮಗಳ ಮನಿಗೆ ಬೆಂಗಳೂರಿಗೆ ಹೋದಾಗ ಆಕಿ ನಾಗಸಂದ್ರದ ಐಕಿಯಾಕ್ಕ ಕರಕೊಂಡ ಹೋದಳು. ಸ್ವೀಡನ್ ದೇಶದ ಕಂಪನಿ. ಇಂಗ್ವಾರ್ ಕಾಂಪ್ರಾಡ್ ಅನ್ನಾಂವ 1943ರಾಗ ಹದಿನೇಳು ವರ್ಷದ ಹುಡುಗ ಇದ್ದಾಗ ಶುರು ಮಾಡಿದ್ದಂತ. ಬೆಂಗಳೂರಾಗ ತಗದದ್ದು 2022ರ ಜೂನದಾಗ. ಮೆಟ್ರೋ ಇಳದು ನಡಕೋತ ಹೋಗಬಹುದು. ಅಲ್ಲಿ ಸಾಮಾನು ಗುಡ್ಡಿ ಹಾಕಿ ಇಡೂದಿಲ್ಲ, ಪೂರಾ ಖೋಲಿಗಳನ್ನ ಜೋಡಿಸಿ ಇಟ್ಟಿರ್ತಾರ. ಗ್ವಾಡಿ, ಪರದೆ, ಹಾಸಿಗಿ, ಕಪಾಟಿನಾಗ ಪುಸ್ತಕ ಎಲ್ಲಾ ಇರತಾವ, ಮನಿ ಮಂದಿ ಈಗಷ್ಟ ಎದ್ದ ಹೋಗ್ಯಾರ ಅನ್ನೂ ಹಂಗ. ಒಂದ ಮೀಟರಿನ ಕಾಗದದ ಟೇಪು, ಬೆರಳಷ್ಟುದ್ದದ ಪೆನ್ಸಿಲ್ಲು ಪುಕ್ಕಟ ಸಿಗತಾವ. ನನಗ ಅವೆರಡು ಸಿಕ್ಕ ಮ್ಯಾಲೆ ಮುಗೀತು, ಮಗಳು ಮೂರ ಸಲ ಫೋನ್ ಮಾಡಿ ಹುಡುಕಬೇಕಾತು.

ಒಂದ ಸಣ್ಣ ಪಡಸಾಲಿಯಂಥಾ ಖೋಲಿಯೊಳಗ ನಿಂತು ದೀಪಾ ಎಣಿಸಿದೆ. ಏಳು! ಒಂದೂ ಭಾರಿ ದೀಪ ಅಲ್ಲ. ಕುರ್ಚಿ ಹಿಂದೊಂದು, ಪುಸ್ತಕದ ಹಲಿಗಿ ಕೆಳಗೊಂದು, ಮೂಲ್ಯಾಗ ನೆಲದ ಮ್ಯಾಲೊಂದು, ಹಿಂಗ. ನಮ್ಮ ಕಡೆ ಮನಿಯೊಳಗ ಏನಿರತದ? ಗ್ವಾಡಿ ತುದೀಗೆ ಒಂದ ಟ್ಯೂಬ್‌ಲೈಟು. ಅದರ ಬುಡಕ ಕೂತವರ ನೆತ್ತಿ ಹೊಳೀತದ, ಕೈಯಾಗಿನ ಸೂಜಿ ಕಾಣೂದಿಲ್ಲ. ನಾ ಕಾಗದದ ಟೇಪಿನ ಹಿಂದ ಬರಕೊಂಡೆ: ಬೆಳಕು ಕೆಳಗ ಬರಬೇಕು, ಹಂಚಿ ಇರಬೇಕು.

ಇದು ಶೋಕಿ ವಿಚಾರ ಆಗಿದ್ರ ಇಷ್ಟ ಬರೀತಿದ್ದಿಲ್ಲ. ನಮ್ಮ ಅತ್ತಿಯವರಿಗೆ ಎಂಬತ್ತಮೂರು. ಗ್ಲಾಕೋಮಾ. ಈ ರೋಗದಾಗ ಬಾಜೂದ್ದು ಕಾಣೂದು ಮೊದಲ ಹೋಗತದ, ನಡುವಿಂದು ಕಡೀಗೆ ತನಕಾ ಒಂದಿಷ್ಟು ಉಳೀತದ. ಹೋದದ್ದು ತಿರುಗಿ ಬರೂದಿಲ್ಲ, ದಿನಾ ಹನಿ ಹಾಕಿ ಇದ್ದದ್ದನ್ನ ಉಳಿಸಿಕೊಳ್ಳೂದಷ್ಟ. ಒಂದ ಕಾಲಕ್ಕ ನಮ್ಮ ಪಡಸಾಲಿ ಅಂದ್ರ ಅತ್ತಿಯವರದ. ದೀಪಾವಳಿ ಬಂತಂದ್ರ ನವಲಗುಂದದ ಜಮಖಾನಿ ತಗದು ಹಾಸಿ, ನವಿಲಿನ ಮಾರಿ ಬಾಗಲ ಕಡೆ ಬರೋ ಹಂಗ ನಾಕ ಸಲ ತಿರುಗಿಸಿ ನೋಡವರು. ಅಂಥಾವರು ಸಂಜಿ ಆರರ ಮ್ಯಾಲೆ ತಮ್ಮ ಖೋಲಿ ಬಿಟ್ಟು ಹೊರಗ ಬರೂದ ಬಿಟ್ಟಿದ್ರು. “ಇಲ್ಲೇ ಛಲೋ ಅದನವಾ, ತಾಟ ಇಲ್ಲೇ ಕೊಡು” ಅನ್ನವರು. ಅವರಿಗೆ ನಮ್ಮ ಮನಿ ದಿನಾ ಒಂದೊಂದ ಗೇಣು ಸಣ್ಣದಾಗಲಿಕ್ಕೆ ಹತ್ತಿತ್ತು.

ಅದ ಹೊತ್ತಿಗೆ ನಮ್ಮನಿಯವರು ರಿಟೈರ್ ಆದ್ರು, ಮನಿ ಒಂದಿಷ್ಟು ಸುಧಾರಿಸೂಣು ಅಂತ ಮಾತು ಬಂತು. ಪರಿಚಯದವರು ಒಬ್ಬ ಡಿಸೈನರನ್ನ ಕಳಿಸಿದ್ರು. ಹುಡುಗ ಶಾಣ್ಯಾ, ಲ್ಯಾಪ್‌ಟಾಪಿನಾಗ ನಮ್ಮ ಮನೀನ ತೋರಿಸಿದ, ನಮಗ ಗುರ್ತ ಹತ್ತಲಿಲ್ಲ. ಬಿಳೀ ಗ್ವಾಡಿ, ಬಿಳೀ ಕಪಾಟು, ಕನ್ನಡಿ ಹಂಗ ಹೊಳಿಯೂ ಬಿಳೀ ಟೈಲ್ಸು. ನಮ್ಮ ಶಹಾಬಾದ ಫರಶಿ ಎಲ್ಲಾ ಮುಚ್ಚಿ ಹಾಕೂದಂತ. ಒಂಬತ್ತು ಲಕ್ಷದ ಕೊಟೇಶನ್ನು. ನಾ ಕೇಳಿದೆ, “ಇದರಾಗ ನಮ್ಮ ಅತ್ತಿಯವರು ಎಲ್ಲಿ ನಡೀತಾರ? ನೆಲ ಮುಗದು ಗ್ವಾಡಿ ಶುರು ಆಗೂದು ಅವರಿಗೆ ಹೆಂಗ ತಿಳೀಬೇಕು?” “ಆಂಟಿ, ಈಗ ಇದ ಟ್ರೆಂಡು” ಅಂದ. ಚಿತ್ರ ಚಂದ ಇತ್ತು, ಸುಳ್ಳ ಹೇಳೂದಿಲ್ಲ. ಆದ್ರ ಆ ಚಿತ್ರದಾಗ ವಯಸ್ಸಾದವರು ಒಬ್ಬರೂ ಇದ್ದಿಲ್ಲ. ಚಪ್ಪಲಿ ಬಿಡೂ ಜಾಗಾನೂ ಇದ್ದಿಲ್ಲ ಅನ್ರಿ.

ಮಗಳ ಗೆಳತಿಯೊಬ್ಬಾಕಿ ಇದ ಕೆಲಸ ಕಲತಾಳ. ಆಕಿಗೆ ಫೋನ್ ಹಚ್ಚಿದೆ. ಆಕಿ ಯಾವ ಸಾಮಾನಿನ ಹೆಸರೂ ಹೇಳಲಿಲ್ಲ. ಅರವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಎರಡ ಮೂರ ಪಟ್ಟು ಬೆಳಕ ಬೇಕು ಅಂದಳು. ಹಂಗಂತ ಕಣ್ಣಿಗೆ ಚುಚ್ಚೂ ಬೆಳಕಲ್ಲ, ಹೊಳಿಯೂ ನೆಲ ಅಲ್ಲ. ಆಮ್ಯಾಲೆ ಅಂಚು. ಮೆಟ್ಟಲಿನ ಅಂಚು, ಬಾಗಲದ ಅಂಚು, ಸ್ವಿಚ್ಚಿನ ಅಂಚು, ಇವು ಬಾಜೂದರ ಬಣ್ಣಕ್ಕಿಂತ ಬ್ಯಾರೆ ಇರಬೇಕು. ಆಕಿ ಹೇಳೂದು ಕೇಳಿಕೋತ ನನ್ನ ಕಣ್ಣು ನಮ್ಮ ಹೊಸ್ತಲದ ಮ್ಯಾಲೆ ಹೋತು. ಅರಿಶಿಣ ಹಚ್ಚಿ, ಕುಂಕುಮ ಇಟ್ಟು, ಮುಂದ ಬಿಳೀ ರಂಗೋಲಿ ಎಳದದ್ದು. ಕತ್ತಲಿ ಮನಿಯೊಳಗ ಎಡವಬಾರದು ಅಂದ್ರ ಇದಕ್ಕಿಂತ ಛಲೋ ಅಂಚು ಯಾವ ಡಿಸೈನರು ಹಾಕ್ಯಾನು? ಹಬ್ಬಕ್ಕಷ್ಟ ಹಚ್ಚೂ ಅರಿಶಿಣ ಹೋಗಿ, ಈಗ ಅಡಗಿ ಮನಿ ಹೊಸ್ತಲಕ್ಕೂ ಬಚ್ಚಲ ಮೆಟ್ಟಲಕ್ಕೂ ಹಳದಿ ಪೇಂಟಿನ ಪಟ್ಟಿ ಬಂದದ. ಶಹಾಬಾದ ಫರಶಿ ಹಂಗ ಉಳೀತು. ಬೂದಿ ಬಣ್ಣ, ಹೊಳಪಿಲ್ಲ, ಅತ್ತಿಯವರ ಕಾಲಿಗೆ ನಲವತ್ತು ವರ್ಷದ ಗುರ್ತು.

ಬಲ್ಬಿನ ವಿಚಾರ ಸ್ವಲ್ಪ ಬಿಡಿಸಿ ಹೇಳ್ತೇನಿ, ಯಾಕಂದ್ರ ಅಂಗಡಿಯವರು ಹೇಳೂದಿಲ್ಲ. ನಾವು ವಾಟ್ ಕೇಳ್ತೇವಿ. ವಾಟ್ ಅಂದ್ರ ಕರೆಂಟಿನ ಖರ್ಚು, ಬೆಳಕಿನ ಲೆಕ್ಕ ಲ್ಯೂಮೆನ್ನು, ಡಬ್ಬಿ ಮ್ಯಾಲೆ ಬರದಿರತದ. ಒಂಬತ್ತು ವಾಟಿನ ಎಲ್ಇಡಿ ಬಲ್ಬು ಸುಮಾರು 800–900 ಲ್ಯೂಮೆನ್ ಕೊಡತದ. ಇನ್ನೊಂದು ನಂಬರಿನ ಮುಂದ ‘ಕೆ’ ಅಂತಿರತದ. 2700 ಇಲ್ಲಾ 3000 ಇದ್ರ ಹಳೇ ಬಲ್ಬಿನ ಹಂಗ ಹಳದಿ ಬೆಳಕು, 6500 ಇದ್ರ ದವಾಖಾನಿ ಬಿಳುಪು. ನಮ್ಮ ಪಡಸಾಲಿಗೆ ನಾಕು 3000ದವು ತಂದೆ. ಎರಡ ಗ್ವಾಡಿಯೊಳಗಿನ ಮಾಡಿನ್ಯಾಗ, ಒಂದು ಕುರ್ಚಿ ಹಿಂದ, ಒಂದು ಅತ್ತಿಯವರ ಖೋಲಿಯಿಂದ ಬರೂ ದಾರಿಯೊಳಗ ಮೊಣಕಾಲಿನ ಎತ್ತರಕ್ಕ, ಬಲ್ಬು ಕಣ್ಣಿಗೆ ಬೀಳದ ಹಂಗ ಮರಿ ಮಾಡಿ. ಟ್ಯೂಬ್‌ಲೈಟು ಇನ್ನೂ ಅದ, ನಮ್ಮನಿಯವರ ಪೇಪರ್ ಓದೂ ಹಕ್ಕು ಅದು. ತಗೀಲಿಕ್ಕೆ ಬಿಡಲಿಲ್ಲ.

ಕೂಡೂ ಜಾಗಾ ಎಲ್ಲಿ ಅನ್ನೂದಕ್ಕ ಉತ್ತರ ಸಿಕ್ಕಿದ್ದು ಒಂದ ಚಾದಂಗಡಿಯೊಳಗ ಅಂದ್ರ ನಗಬ್ಯಾಡ್ರಿ. ಖರೆ ಅದು ಕಾಫಿ ಅಂಗಡಿ. ಭಾಳ ವರ್ಷದ ಹಿಂದ ಕನ್ಯಾಕುಮಾರಿಗೆ ಹೋಗೂ ಮುಂದ ತಿರುವನಂತಪುರದಾಗ ಬಸ್ ಸ್ಟ್ಯಾಂಡಿನ ಬಾಜೂಕ ಇರೂ ಇಂಡಿಯನ್ ಕಾಫಿ ಹೌಸಿನಾಗ ಕೂತಿದ್ವಿ. ಕೆಂಪ ಇಟ್ಟಂಗಿಯ ದುಂಡನ್ನ ಕಟ್ಟಡ. ಒಳಗ ಮಹಡಿ ಅಂತ ಇಲ್ಲ, ಬಸವನಹುಳದ ಚಿಪ್ಪಿನ ಹಂಗ ನೆಲನ ಸುತ್ತಿಕೋತ ಮ್ಯಾಲೆ ಹೋಗತದ. ಗ್ವಾಡಿಗುಂಟ ಕಟ್ಟಿದ ಮೇಜು, ಕಟ್ಟಿದ ಆಸನ. ಇಟ್ಟಂಗಿ ಬಿಟ್ಟು ಬಿಟ್ಟು ಜಾಳಿಗಿ ಮಾಡ್ಯಾರ, ಬೆಳಕು ತುಂಡು ತುಂಡಾಗಿ ಕಾಫಿ ಕಪ್ಪಿನ ಮ್ಯಾಲೆ ಬೀಳತದ. ಶೃಂಗಾರ ಅಂತ ಒಂದ ಫೋಟೋನೂ ನನ್ನ ಕಣ್ಣಿಗೆ ಬೀಳಲಿಲ್ಲ, ಗ್ವಾಡೀನ ಶೃಂಗಾರ. ಇದನ್ನ ಮಾಡಿದವರು ಲಾರಿ ಬೇಕರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಾಗ 1917ರಾಗ ಹುಟ್ಟಿ, ನಮ್ಮ ದೇಶಕ್ಕ ಬಂದು, ತಿರುವನಂತಪುರದಾಗ ಮನಿ ಮಾಡಿಕೊಂಡು, 2007ರಾಗ ಅಲ್ಲೇ ತೀರಿಕೊಂಡವರು. ಕಡಿಮಿ ಖರ್ಚಿನ್ಯಾಗ ಎಷ್ಟೋ ಮನಿ ಕಟ್ಟಿಕೊಟ್ಟಾರ. ಅಲ್ಲಿ ಮುದುಕರೊಬ್ಬರು ಗ್ವಾಡಿ ಮ್ಯಾಲೆ ಕೈ ಆಡಿಸಿಕೋತ, ಯಾರ ಕೈಯೂ ಹಿಡೀದ, ಮ್ಯಾಲೆ ನಡಕೊಂಡ ಹೋಗಿದ್ದು ನನ್ನ ಕಣ್ಣಾಗ ಕೂತಿತ್ತು.

ಗೌಂಡಿಯನ್ನ ಕರಸಿ ಕಿಡಕಿ ಕೆಳಗ ಒಂದ ಕಟ್ಟಿ ಕಟ್ಟಿಸಿದೆ. ಮೊಣಕಾಲಿನ ಎತ್ತರ, ಎರಡೂವರಿ ಅಡಿ ಅಗಲ. ಅತ್ತಿಯವರ ಖೋಲಿ ಬಾಗಲದಿಂದ ಆ ಕಟ್ಟಿ ತನಕಾ ಗ್ವಾಡಿಗುಂಟ ಇದ್ದ ಷೋಕೇಸು, ಟೀಪಾಯಿ, ಚಪ್ಪಲಿ ಸ್ಟ್ಯಾಂಡು ಎಲ್ಲಾ ತಗದೆ. ಹದಿನಾಕು ಹೆಜ್ಜಿ. ಗ್ವಾಡಿ ಮ್ಯಾಲೆ ಕೈ ಇಟ್ಟರ ಕೈ ಎತ್ತದ ಬಂದು ಕೂಡಬಹುದು.

ಕಟ್ಟಿ ಮ್ಯಾಲೆ ಗಾದಿ, ಲೋಡು. ಲೋಡಿಗೆ ಅರಬಿ ಯಾವುದು? ಬೆಂಗಳೂರಿನ ಒಂದ ದೊಡ್ಡ ಅಂಗಡಿಯೊಳಗ ಗುಳೇದಗುಡ್ಡದ ಖಣದ ಕುಶನ್ ಕವರು ನೋಡಿದ್ದೆ. ಕಡು ನೇರಳೆ, ಅಂಚಿಗೆ ಅರಿಶಿಣ ಬಣ್ಣ, ಹಿಂದ ಸಾದಾ ಕಾಟನ್ನು. ಭಾರಿ ಚಂದ. ಒಂದಕ್ಕ ಒಂಬೈನೂರು. ನಗು ಬಂತು ನನಗ. ಖಣ ಅಂದ್ರ ನಮ್ಮ ಕಡೆ ಹೆಣ್ಣಮಕ್ಕಳಿಗೆ ಉಡಿ ತುಂಬೂ ಮುಂದ ಕೊಡೂದು. ಮದವಿ, ಮುಂಜಿವಿ, ಕುಬಸ, ಎಲ್ಲಿ ಹೋದರೂ ಒಂದು ಬರತದ. ಕುಪ್ಪಸ ಹೊಲಿಸಿಕೊಂಡದ್ದು ಹತ್ತರಾಗ ಎರಡು. ಉಳಿದದ್ದು ಟ್ರಂಕಿನ್ಯಾಗ. ಆದ್ರ ಹಿಂದ ಸಾದಾ ಅರಬಿ ಹಚ್ಚೂ ಉಪಾಯ ಆ ಡಿಸೈನರದ್ದ, ಅದು ನನಗ ಹೊಳಿಯೂದಿದ್ದಿಲ್ಲ. ಖಣದ ಅಗಲ ಕಡಿಮಿ, ಲೋಡಿಗೆ ಸುತ್ತ ಬರೂದಿಲ್ಲ. ಸಾದಾ ಅರಬಿ ಕೂಡಿಸಿದ್ರ ಖಣ ಮುಂದ ಉಳೀತದ, ಎರಡೂ ಅಂಚೂ ಕಾಣತಾವ.

ಟ್ರಂಕು ತಗದ ದಿವಸ ಅತ್ತಿಯವರು ಬಾಜೂಕ ಬಂದು ಕೂತರು. ಖಣದ ನೇಯ್ಗಿ ಬೆರಳಿಗೆ ಉಬ್ಬಿ ಹತ್ತತದ ನೋಡ್ರಿ. ಬೆರಳ ಆಡಿಸಿ, “ಇದು ಗದಗಿನ ವೈನಿ ಕೊಟ್ಟದ್ದು”, “ಇದು ನಿನ್ನ ಸೀಮಂತದ್ದು” ಅಂತ ಹೇಳಲಿಕ್ಕೆ ಹತ್ತಿದ್ರು. ಎಲ್ಲಾ ಖರೇನೋ ಏನೋ, ನಾ ತಪಾಸ ಮಾಡಲಿಲ್ಲ. ಕಡೀಗೆ ಒಂದ ಹಳೇ ಇಳಕಲ್ ಸೀರಿ ಬಂತು, ಅವರ ಅವ್ವ ಕಸೂತಿ ಹಾಕಿದ್ದು. ಕಸೂತಿಯೊಳಗ ಗಂಟ ಹಾಕೂದಿಲ್ಲ, ಗವಂತಿ ಹೊಲಿಗಿ ಹಿಂದ ಮುಂದ ಒಂದ ಥರಾ ಕಾಣತದ. ಸೆರಗಿನ ಮ್ಯಾಲೆ ಬೆರಳಿಟ್ಟು “ತುಳಸಿಕಟ್ಟಿ. ಇದು ಗೋಪುರ. ಇದು ಆನಿ” ಅಂದ್ರು. ಮೂರೂ ಬರೋಬ್ಬರಿ. ಸೀರಿ ಹರದಿತ್ತು, ಸೆರಗು ಗಟ್ಟಿ ಇತ್ತು. ಕತ್ತರಿ ಹಾಕಲಿಕ್ಕೆ ನನಗ ಧೈರ್ಯ ಬರಲಿಲ್ಲ, ಅವರ “ಹಾಕು, ಟ್ರಂಕಿನ್ಯಾಗ ನುಸಿ ತಿಂತಾವ” ಅಂದ್ರು. ಆ ಸೆರಗು ಈಗ ಅವರು ಒರಗೂ ದಿಂಬಿನ ಮ್ಯಾಲೆ ಅದ.

ಜಗಳ ಆಗಿದ್ದು ಫೋಟೋದ ಮ್ಯಾಲೆ. ನಮ್ಮ ಮನಿಯೊಳಗ ಹಿರೇರ ಫೋಟೋ ಛತ್ತಿನ ಬುಡಕ, ಮುಂದ ಬಾಗಿಸಿ ಹಾಕಿರತೇವಿ. ನೋಡೂದಕ್ಕಲ್ಲ, ಮಾಲಿ ಹಾಕೂದಕ್ಕ. ಅಂಗಡಿಯೊಳಗ ನಾ ಅಳತಿ ಮಾಡಿದ ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿಗೆ ಇತ್ತು. ಮಗಳ ಗೆಳತಿ ಹೇಳಿದಳು, ಮ್ಯೂಸಿಯಮ್ಮಿನವರೂ ಸುಮಾರು ಅದ ಎತ್ತರ ಹಿಡೀತಾರ, ನಿಂತವರ ಕಣ್ಣಿಗೆ ಸಮ ಬರತದ ಅಂತ. ನಾ ಮಾವನವರ ಫೋಟೋ ಕೆಳಗ ತರಬೇಕು ಅಂದೆ. ನಮ್ಮನಿಯವರು ಸಿಟ್ಟಾದ್ರು. “ಅಪ್ಪನ್ನ ಕೆಳಗ ಇಳಸ್ತೀಯೇನ?” ಎರಡ ದಿವಸ ನನ್ನ ಕೂಡ ಬರೇ ಹೂಂ, ಉಹೂಂ. ಅವರ ಮಾತಿಗೂ ತೂಕ ಇತ್ತು, ಹಿರೇರು ಮ್ಯಾಲಿರಬೇಕು ಅನ್ನೂದು ಬರೇ ಮೊಳಿ ಹೊಡಿಯೂ ಲೆಕ್ಕ ಅಲ್ಲ. ಮೂರನೇ ದಿನ ಅತ್ತಿಯವರು ಊಟ ಮಾಡಿಕೋತ ಮಗಗ ಅಂದ್ರು, “ನಾ ಅವರ ಮಾರಿ ನೋಡಿ ಎರಡ ವರ್ಷ ಆತಪಾ. ಅಲ್ಲೇನೋ ಕರ್ರಗ ಕಾಣತದ, ಅದಕ್ಕ ಕೈ ಮುಗಿದು ಹೋಗ್ತೇನಿ.”

ನಮ್ಮನಿಯವರು ಊಟದ ನಡುವ ಎದ್ದು ಕೈ ತೊಳಕೊಂಡು ಸ್ಟೂಲ್ ತಂದ್ರು. ದಕ್ಷಿಣದ ಗ್ವಾಡಿನ ಆಗಬೇಕು ಅಂತ ಅಷ್ಟ ಹಟಾ ಮಾಡಿದ್ರು, ಅದೂ ಖರೆ, ಆ ಗ್ವಾಡಿಗೇ ಹಾಕಿದ್ವಿ. 57 ಇಂಚಿಗೂ ಅಲ್ಲ. ಕಟ್ಟಿ ಮ್ಯಾಲೆ ಕೂತವರ ಕಣ್ಣಿಗೆ ಬರೂ ಹಂಗ, 40ಕ್ಕ. ಬಾಜೂಕ ಒಂದ ದೀಪಾ. ಕಾಚಿನ ಮ್ಯಾಲೆ ಬೆಳಕು ಹೊಳದು ಮಾರಿ ಮುಚ್ಚಿದಂಗ ಆಗತಿತ್ತು, ಅದಕ್ಕ ದೀಪಾ ಒಂದ ಗೇಣು ಸರಿಸಬೇಕಾತು.

ತಾಟಿನ ವಿಚಾರ ಇನ್ನೊಂದು ಅದ. ಬಿಳೀ ತಾಟಿನ್ಯಾಗ ಮಸರನ್ನ ಹಾಕಿ ಕೊಟ್ಟರ ಅತ್ತಿಯವರಿಗೆ ಕಾಣತಿದ್ದಿಲ್ಲ, ಬಾಳಿ ಎಲಿ ಮ್ಯಾಲೆ ಕೊಟ್ಟರ ಒಂದ ಅಗಳೂ ಬಿಡತಿದ್ದಿಲ್ಲ. ಅಂಗಡಿಯೊಳಗ ಕಡು ಹಸರ ತಾಟು ಕಂಡಾಗ ನಾ ಖರೀದಿ ಮಾಡಿದ್ದು ಅದೊಂದ. ಜ್ವಾಳದ ರೊಟ್ಟಿಗೂ ಛಲೋ.

ಎಲ್ಲಾ ಕೂಡಿ ಗೌಂಡಿ, ವೈರಿಂಗು, ಗಾದಿ ಹಿಡದು ಐವತ್ತೆರಡು ಸಾವಿರ ಆತು. ಈಗ ಸಂಜೀಕೆ ದೀಪಾ ಹಚ್ಚಿದ ಮ್ಯಾಲೆ ಅತ್ತಿಯವರು ಗ್ವಾಡಿ ಹಿಡಕೊಂಡು ಬಂದು ಕಟ್ಟಿ ಮ್ಯಾಲೆ ಕೂಡ್ತಾರ. ಮೆಂತೆಪಲ್ಲೆ ಸೋಸ್ತಾರ, ಟಿವಿ ಕೇಳ್ತಾರ, ಓಣಿಯೊಳಗ ಹೋಗೂ ಗಾಡಿ ಯಾರದು ಅಂತ ಸಪ್ಪಳದ ಮ್ಯಾಲೆ ಹೇಳ್ತಾರ. ಕಟ್ಟಿ ಒಂದ ಇಂಚು ಎತ್ತರ ಆತು ಅಂತ ವಾರಕ್ಕೊಮ್ಮೆ ತಕರಾರೂ ಮಾಡ್ತಾರ. ಮುಂದಿನ ತಿಂಗಳು ನಾ ಬೆಂಗಳೂರಿಗೆ ಹೊಂಟೇನಿ ಅಂದಾಗ, “ಬಚ್ಚಲದಾಗ ಹಿಡಕೊಳ್ಳಲಿಕ್ಕೆ ಏನ ಮಾಡ್ಯಾರ, ನೋಡಿಕೊಂಡ ಬಾ” ಅಂದಾರ. ಅವರ ಮುಷ್ಟಿಯ ಅಳತಿ ದಾರದಾಗ ತಗೊಂಡು ಪರ್ಸಿನ್ಯಾಗ ಇಟ್ಟೇನಿ.