ಕರ್ಕಶವೆಂದರೆ ಸಾಲದು

ಸಂಸ್ಕೃತವನ್ನು ವ್ಯಾಸಂಗ ಮಾಡಿದವರಿಗೆ ಕಿವಿಗೆ ಹಿತವಲ್ಲದ ಸದ್ದುಗಳಿಗೆಲ್ಲ ಒಂದೇ ಮುದ್ರೆಯನ್ನೊತ್ತುವ ಅಭ್ಯಾಸವುಂಟು. ಕರ್ಕಶವೆಂದರೆ ಮುಗಿಯಿತು. ಆದರೆ ಕರ್ಕಶವೆಂಬುದು ಮೂಲತಃ ಕಿವಿಯ ಮಾತಲ್ಲ, ಚರ್ಮದ ಮಾತು; ಒರಟಾದ ವಸ್ತುವನ್ನು ಮುಟ್ಟಿ ನೋಡಿದವನು ಆಡಿದ್ದು. ತಾರವೆಂಬುದು ಧ್ವನಿಯ ಎತ್ತರವನ್ನು ಹೇಳುವುದೇ ಹೊರತು ಹಿತಾಹಿತಗಳನ್ನು ಹೇಳದು. ನವಿಲಿಗೆ ಕೇಕೆಯೆಂದೂ ಕುದುರೆಗೆ ಹ್ರೇಷೆಯೆಂದೂ ವಿಂಗಡಿಸಿದ ಆ ಭಾಷೆಯ ಪಂಡಿತರು ಎಣ್ಣೆ ಕಾಣದ ಬಾಗಿಲಿನ ಕಡೆಗೆ ಅಷ್ಟಾಗಿ ಕಿವಿಗೊಟ್ಟಂತೆ ತೋರುವುದಿಲ್ಲ.

ಈ ವಿಚಾರವನ್ನು ಎತ್ತಿದವಳು ವಿಜಯನಗರದ ನಮ್ಮ ನೆರೆಮನೆಯ ಹುಡುಗಿ. ದಾದಿಯ ಶಿಕ್ಷಣವನ್ನು ಮುಗಿಸಿದ್ದಾಳೆ. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರುವ ಉದ್ದೇಶದಿಂದ ಆ ಭಾಷೆಯನ್ನು ಕಲಿಯುತ್ತಿದ್ದಾಳೆ. ಇಂಗ್ಲೀಷಿನ ಸದ್ದಿನ ಮಾತುಗಳನ್ನು ಜರ್ಮನ್ನಿಗೆ ತಿರುಗಿಸಬೇಕಾಗಿತ್ತಂತೆ. ಮೊದಲು ಕನ್ನಡದಲ್ಲಿ ಅರ್ಥ ಹೇಳಿರೆಂದಳು. ನಾನು ಕರ್ಕಶವೆಂದೆನು. “ಮೇಷ್ಟ್ರೇ, ರೋಗಿಗೆ ಕರ್ಕಶವಾಗಿದೆ ಅಂತ ಹೇಳಿದರೆ ಡಾಕ್ಟರಿಗೆ ಏನು ತಿಳಿಯುತ್ತೆ?” ಎಂದಳು. ಪ್ರಶ್ನೆ ನ್ಯಾಯವಾದುದು.

ಅವಳ ನಿಘಂಟನ್ನು ನಡುವಿಟ್ಟುಕೊಂಡು ಎರಡು ಸಂಜೆ ಕುಳಿತೆವು. ಇಂಗ್ಲೀಷಿನ ‘ಸ್ಕ್ರೀಚ್’ ಎಂಬುದು ಗಿಳಿಗೂ ಸಲ್ಲುತ್ತದೆ, ಬಂಡಿಯ ಬ್ರೇಕಿಗೂ ಸಲ್ಲುತ್ತದೆ. ಜರ್ಮನ್ನರಾದರೋ ಗಿಳಿಗೂ ಬೆದರಿದ ಮನುಷ್ಯನಿಗೂ ‘ಕ್ರೈಶನ್’ ಎಂದು, ಬ್ರೇಕಿಗೆ ಬಹುಮಟ್ಟಿಗೆ ‘ಕ್ವೀಚನ್’ ಎನ್ನುತ್ತಾರೆ. ಮರದ ಮೆಟ್ಟಿಲಿಗೆ ‘ಕ್ನಾರನ್’. ಕಡಿಯುವ ಹಲ್ಲಿಗೂ ಕಾಲ ಕೆಳಗಣ ಹಿಮಕ್ಕೂ ‘ಕ್ನಿರ್ಶನ್’. ‘ಗ್ರೆಲ್’ ಎಂಬ ಮಾತಂತೂ ಕಣ್ಣು ಕುಕ್ಕುವ ಬೆಳಕಿಗೂ ಕಿವಿ ಚುಚ್ಚುವ ದನಿಗೂ ಒಂದೇ. ಹೀಗಾಗಿ ಇಂಗ್ಲೀಷಿನ ಪದವೊಂದನ್ನೇ ನೋಡಿ ಜರ್ಮನ್ ಪದವನ್ನು ಆರಿಸಲಾಗದು. ಸದ್ದು ಮಾಡಿದ್ದು ಯಾವುದೆಂಬುದನ್ನು ಮೊದಲು ಕೇಳಬೇಕು.

ನಮ್ಮ ಮನೆಮಾತಿನ ರೀತಿಯೂ ಇದೇ ಅಲ್ಲವೆ? ಬಾಗಿಲು ಕಿರ್ರೆನ್ನುತ್ತದೆ, ಹಲ್ಲು ಕಟಕಟನೆ ಕಡಿಯುತ್ತದೆ, ಅನ್ನದಲ್ಲಿ ಮರಳು ಕರಕರ ಎನ್ನುತ್ತದೆ, ಹೆದರಿದ ಮಗು ಕಿಟಾರನೆ ಕಿರುಚುತ್ತದೆ. ಜೀರುಂಡೆಯ ಹೆಸರಿನಲ್ಲಿಯೇ ಅದರ ದನಿಯನ್ನು ಕೇಳಬಹುದು. 2015ರಿಂದ ನಮ್ಮ ಬಡಾವಣೆಯಲ್ಲಿ ಓಡಾಡುತ್ತಿರುವ ಮೆಟ್ರೋ ರೈಲಿನ ಉಕ್ಕಿನ ಗಾಲಿ ತಿರುವಿನಲ್ಲಿ ಕಂಬಿಗೆ ಉಜ್ಜಿದಾಗ ಹೊರಡುವ ಸದ್ದಿಗೆ ಮಾತ್ರ ಕನ್ನಡವು ಇನ್ನೂ ಹೆಸರಿಟ್ಟಂತಿಲ್ಲ. ಮಕ್ಕಳು ಏನೋ ಒಂದನ್ನು ಕಟ್ಟಿಯೇ ಕಟ್ಟುತ್ತಾರೆ.

ಇಂತಹ ಮಾತುಗಳನ್ನು ಗ್ರಾಮ್ಯವೆಂದು ಬರೆವಣಿಗೆಯಿಂದ ದೂರವಿಡುವವರು ಕಿಟ್ಟೆಲರ ಕೋಶವನ್ನು ತೆರೆಯಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದ ಆ ಜರ್ಮನ್ ವಿದ್ವಾಂಸರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಶಬ್ದಗಳ ಗ್ರಂಥದಲ್ಲಿ ಅನುಕರಣ ಶಬ್ದಗಳಿಗೂ ಸ್ಥಾನವನ್ನಿತ್ತು, ಇಂಥದರ ಸದ್ದೆಂದು ಅರ್ಥವನ್ನು ಬರೆದರು. ಹುಟ್ಟುನುಡಿ ಜರ್ಮನ್, ಕೇಳಿದ್ದು ಕನ್ನಡ, ಬರೆದದ್ದು ಇಂಗ್ಲೀಷು. ನಮ್ಮ ಹುಡುಗಿಯದು ಅದೇ ಹಾದಿ, ದಿಕ್ಕು ಮಾತ್ರ ಬೇರೆ.

ಕೊನೆಗೆ ಉಳಿದದ್ದು ಉಸಿರು. ಅದರಲ್ಲಿಯೇ ಅವಳಿಗೆ ಕಳವಳ. ಗಂಟಲ ದಾರಿ ಕಿರಿದಾದಾಗ ಉಸಿರನ್ನು ಒಳಗೆಳೆಯುವಲ್ಲಿ ಹೊರಡುವ ಗಡುಸಾದ ಕೀರಲು ಸದ್ದಿಗೆ ವೈದ್ಯರು ‘ಸ್ಟ್ರೈಡರ್’ ಎನ್ನುತ್ತಾರೆ. ಲ್ಯಾಟಿನ್ನಿನ ಈ ಮಾತನ್ನು ಜರ್ಮನ್ನರೂ ಹಾಗೆಯೇ ಇಟ್ಟುಕೊಂಡಿದ್ದಾರೆ. ಎದೆಯೊಳಗಿನ ಸಣ್ಣ ನಾಳಗಳು ಬಿಗಿದು, ಬಹುಶಃ ಉಸಿರು ಬಿಡುವಾಗ ಕೇಳುವುದು ಇಂಗ್ಲೀಷಿನಲ್ಲಿ ‘ವೀಜ್’, ಜರ್ಮನ್ನಿನಲ್ಲಿ ‘ಗೀಮನ್’. ಮೊದಲನೆಯದು ಕೇಳಿದರೆ ಒಂದು ನಿಮಿಷವನ್ನೂ ಕಳೆಯದೆ ವೈದ್ಯರನ್ನು ಕರೆಯತಕ್ಕದ್ದೆಂದು ಅವಳೇ ನನಗೆ ತಿಳಿಸಿದಳು. ಎರಡನ್ನೂ ಕರ್ಕಶವೆಂದರೆ ಗತಿಯೇನು?

ಎರಡನೆಯದಕ್ಕೆ ‘ಸುಯ್ ಸುಯ್’ ಎಂದು ಬರೆದುಕೊಳ್ಳೆಂದೆನು. ಹಳಗನ್ನಡದಲ್ಲಿ ಸುಯ್ ಎಂದರೆ ಉಸಿರೇ. ಮೊದಲನೆಯದಕ್ಕೆ ಅವಳು ಕನ್ನಡ ಪದವನ್ನು ಬರೆಯಲಿಲ್ಲ. ಆ ಸದ್ದನ್ನು ತಾನೇ ಮಾಡಿ ತೋರಿಸಿದಳು. ಒಳಗಿದ್ದ ನನ್ನ ಮನೆಯಾಕೆ ಗಾಬರಿಯಿಂದ ನೀರಿನ ಲೋಟವನ್ನು ಹಿಡಿದು ಓಡಿಬಂದಳು.