ನಡುವೆ ಬಂದವರು

ನಮ್ಮ ದೇವಾಲಯಗಳ ಗಂಟೆಯು ದಿನಕ್ಕೆ ಮೂರು ಬಾರಿ ನಮ್ಮ ಕೆಲಸವನ್ನು ತಡೆಯುವುದಕ್ಕೆಂದೇ ಮೊಳಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೇಳಿಬರುವ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಬೇರೆ ಉದ್ದೇಶವಿಲ್ಲ. ಹಿಂದೆ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಅದನ್ನು ಕೇಳಿ ಬೆನ್ನು ನೇರಮಾಡಿ ನಿಲ್ಲುತ್ತಿದ್ದರು. ಒಲೆಯ ಮುಂದೆ ಕುಳಿತ ತಾಯಂದಿರು ತಲೆಯ ಮೇಲೆ ಸೆರಗೆಳೆದುಕೊಂಡು ಶಿಲುಬೆಯ ಗುರುತು ಹಾಕುತ್ತಿದ್ದರು. ಆ ಪ್ರಾರ್ಥನೆಯಲ್ಲಿ ನಾವು ಸ್ಮರಿಸುವುದಾದರೂ ಏನನ್ನು? ನಜರೇತಿನಲ್ಲಿ, ಮದುವೆ ನಿಶ್ಚಯವಾಗಿದ್ದ ಕನ್ಯೆಯೊಬ್ಬಳ ಬದುಕಿನ ನಡುವೆ ದೇವದೂತನು ಬಂದು ನಿಂತದ್ದನ್ನು. ಆಕೆ ತನಗಾಗಿ ಕಂಡಿದ್ದ ಕನಸುಗಳ ನಡುವೆ ಬಂದ ಆ ಕರೆಗೆ ಓಗೊಟ್ಟದ್ದರಿಂದಲೇ ನಮ್ಮ ಪಾಲಿಗೆ ರಕ್ಷಣೆಯ ಬಾಗಿಲು ತೆರೆಯಿತು.

ಹೀಗಿದ್ದರೂ ನಡುವೆ ಬರುವುದನ್ನು ನಮ್ಮ ಮನಸ್ಸು ಒಪ್ಪುವುದಿಲ್ಲ. ಅಡುಗೆಯ ಅವಸರದಲ್ಲಿರುವ ತಾಯಿಯ ಸೆರಗನ್ನು ಮಗು ಜಗ್ಗುತ್ತದೆ. ಕೆಲಸ ಮುಗಿಸಿ ಬಂದು ಈಗಷ್ಟೇ ಕಾಲು ಚಾಚಿದ ತಂದೆಯನ್ನು ನೆರೆಯವರು ಕೂಗುತ್ತಾರೆ. ಧರ್ಮಕೇಂದ್ರದ ಗುರುಗಳು ಶನಿವಾರ ಸಂಜೆ ಮರುದಿನದ ಪ್ರಬೋಧನೆಗೆ ಕುಳಿತಾಗಲೇ ಮಗುವಿನ ಜ್ಞಾನಸ್ನಾನದ ಪ್ರಮಾಣಪತ್ರ ಬೇಕೆಂದು ಒಬ್ಬರು ಬರುತ್ತಾರೆ. ಪತ್ರ ಕೈಸೇರಿದ ಮೇಲೂ ಅವರು ಎದ್ದು ಹೋಗುವುದಿಲ್ಲ. ಅವರು ಬಂದದ್ದು ಪತ್ರಕ್ಕಾಗಿ ಮಾತ್ರವಲ್ಲವೆಂಬುದು ಆಗ ತಿಳಿಯುತ್ತದೆ. ಇಂತಹ ಗಳಿಗೆಗಳನ್ನು ನಾವು ದಿನದ ಲೆಕ್ಕದಿಂದ ಕಳೆದುಬಿಡುತ್ತೇವೆ. ಪ್ರಭು ಯೇಸು ಹಾಗೆ ಕಳೆದವರಲ್ಲ.

ಸಂತ ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳೋಣ. ಪ್ರಾರ್ಥನಾಮಂದಿರದ ಅಧಿಕಾರಿಯಾದ ಯಾಯೀರನು ಸಾಯುತ್ತಿರುವ ಮಗಳಿಗಾಗಿ ಯೇಸುವಿನ ಕಾಲಿಗೆ ಬಿದ್ದಿದ್ದಾನೆ. ಯೇಸು ಅವನೊಡನೆ ಹೊರಟಿದ್ದಾರೆ. ಆ ದಾರಿಯ ನಡುವೆ, 12 ವರ್ಷಗಳಿಂದ ರಕ್ತಸ್ರಾವದಿಂದ ನರಳಿದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ, ಮುಟ್ಟಿದೊಡನೆ ಗುಣಹೊಂದುತ್ತಾಳೆ. ಯೇಸು ಅಷ್ಟಕ್ಕೇ ಮುಂದೆ ಹೋಗಬಹುದಿತ್ತು. ಆದರೆ ನಿಲ್ಲುತ್ತಾರೆ. ಮುಟ್ಟಿದವರು ಯಾರೆಂದು ಹುಡುಕುತ್ತಾರೆ. ಆಕೆ ನಡುಗುತ್ತಾ ಬಂದು ತನ್ನ ಕಥೆಯನ್ನೆಲ್ಲ ಹೇಳಿಕೊಳ್ಳುವವರೆಗೂ ಕೇಳಿಸಿಕೊಂಡು, ಆಕೆಯನ್ನು ಮಗಳೆಂದು ಕರೆಯುತ್ತಾರೆ. ದೇಹದ ರೋಗ ಆಗಲೇ ವಾಸಿಯಾಗಿತ್ತು. ಇಷ್ಟು ವರ್ಷ ಜನರಿಂದ ದೂರವಿದ್ದವಳಿಗೆ ಎಲ್ಲರೆದುರು ಸಲ್ಲಬೇಕಾಗಿದ್ದ ಮನ್ನಣೆ ಬಾಕಿಯಿತ್ತು.

ಈ ಭಾಗವನ್ನು ಕುರಿತು ಬೋಧಿಸುವಾಗ ನಾವು ಸಾಮಾನ್ಯವಾಗಿ ಆ ಹೆಂಗಸಿನ ವಿಶ್ವಾಸವನ್ನು ಹೊಗಳುತ್ತೇವೆ. ಪಕ್ಕದಲ್ಲಿ ನಿಂತಿದ್ದ ಯಾಯೀರನನ್ನು ಮರೆಯುತ್ತೇವೆ. ಅವನ ಮಗಳಿಗೆ ಒಂದೊಂದು ಉಸಿರೂ ಕೊನೆಯದಾಗಬಹುದಿತ್ತು. ಯೇಸು ಇನ್ನೂ ಮಾತನಾಡುತ್ತಿರುವಾಗಲೇ ಅವನ ಮನೆಯಿಂದ ಸಾವಿನ ಸುದ್ದಿ ಬಂತು. ಒಬ್ಬರಿಗೆ ದೊರೆತ ಕೃಪೆಯ ಗಳಿಗೆಯು ಇನ್ನೊಬ್ಬರ ಪಾಲಿಗೆ ಕಾಯುವ ಸಂಕಟವಾಗಿರುತ್ತದೆ. ನಡುವೆ ಬಂದವರನ್ನು ಸ್ವಾಗತಿಸಬೇಕೆಂದು ಸುಲಭವಾಗಿ ಹೇಳುವವರು ಈ ಮಾತನ್ನು ಮರೆಯಬಾರದು.

ಯಾಯೀರನ ಜಾಗದಲ್ಲಿ ನಿಲ್ಲುವ ಅನುಭವ ನನಗೂ ಒಮ್ಮೆ ಆಯಿತು. ನನ್ನ ತಾಯಿಯವರನ್ನು ಉಸಿರಾಟದ ತೊಂದರೆಯಿಂದಾಗಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ನಮ್ಮ ಸರದಿ ಬಂದು ವೈದ್ಯರು ಆಗತಾನೇ ಅವರ ನಾಡಿ ಹಿಡಿದಿದ್ದರು. ಅಷ್ಟರಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡ ಯುವಕನೊಬ್ಬನನ್ನು ತಂದರು. ವೈದ್ಯರು ದಾದಿಗೆ ನಮ್ಮನ್ನು ನೋಡಿಕೊಳ್ಳಲು ಹೇಳಿ ಹೊರಗೆ ಓಡಿದರು. ಗಂಟೆ ಕಳೆಯಿತು. ನಾನು ಗೋಡೆಯ ಗಡಿಯಾರವನ್ನೂ ತಾಯಿಯ ಮುಖವನ್ನೂ ಸರದಿಯಂತೆ ನೋಡುತ್ತಿದ್ದೆ. ತಾಯಿಯವರು ನನ್ನ ಕೈಯನ್ನು ಒತ್ತಿ, "ಆ ಹುಡುಗನ ತಾಯಿಗೆ ಸುದ್ದಿ ಮುಟ್ಟಿತೋ ಇಲ್ಲವೋ, ವಿಚಾರಿಸಪ್ಪ," ಎಂದರು. ಉಸಿರಿಗಾಗಿ ಒದ್ದಾಡುತ್ತಿದ್ದ ಆ ಜೀವ, ತನ್ನ ಸರದಿಯ ನಡುವೆ ಬಂದವನ ತಾಯಿಯನ್ನು ನೆನೆಯುತ್ತಿತ್ತು. ವೈದ್ಯರು ಮರಳಿ ಬಂದಾಗ ಅವರ ಹಣೆಯಲ್ಲಿ ಬೆವರಿತ್ತು. "ತುಂಬ ಕಾಯಿಸಿದೆನಮ್ಮಾ," ಎಂದು ಹೇಳಿ, ಬೇರೆ ರೋಗಿಯೇ ಇಲ್ಲವೆಂಬಂತೆ ತಾಯಿಯ ಪಕ್ಕದಲ್ಲಿ ಕುಳಿತು ಮೊದಲಿನಿಂದ ಪರೀಕ್ಷಿಸಿದರು. ತಾಯಿಯವರು ಅಂದು ಚೇತರಿಸಿಕೊಂಡರು. ಅವರು ಪ್ರಭುವಿನ ಬಳಿಗೆ ಹೋಗಿ ಈಗ ವರ್ಷಗಳಾದವು.

ಆ ವೈದ್ಯರು ಹೊರಗೆ ಓಡಿದ್ದು ಅವರ ಕರ್ತವ್ಯ. ಅವರು ಮರಳಿ ಬಂದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಯೇಸುಸ್ವಾಮಿಯೂ ಯಾಯೀರನನ್ನು ದಾರಿಯಲ್ಲಿ ಕೈಬಿಡಲಿಲ್ಲ. ಸಾವಿನ ಸುದ್ದಿ ಕೇಳಿದವನಿಗೆ ಧೈರ್ಯ ತುಂಬಿ, ಮನೆಯವರೆಗೂ ನಡೆದು, ಬಾಲಕಿಯ ಕೈಹಿಡಿದು ಎಬ್ಬಿಸಿದರು. ಅವಳಿಗೆ ಊಟ ಕೊಡುವಂತೆ ಹೇಳುವುದನ್ನೂ ಮರೆಯಲಿಲ್ಲ. ನಡುವೆ ಬಂದವಳಿಗಾಗಿ ನಿಂತರು, ಮೊದಲು ಕರೆದವನ ಮನೆಗೂ ಹೋದರು. ಇವೆರಡೂ ಕೂಡಿದರೇ ಪ್ರೀತಿ ಪೂರ್ಣವಾಗುವುದು. ನಿಲ್ಲದೆ ಹೋಗುವವನಲ್ಲಿ ಕರುಣೆಯಿಲ್ಲ. ನಿಂತವನು ಮರಳಿ ಹೊರಡದಿದ್ದರೆ ಕಾಯುತ್ತಿರುವವರಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ.

ಈ ಪಾಠವನ್ನು ನಾನು ಗುರುಮಠಕ್ಕೆ ಸೇರುವುದಕ್ಕೆ ಮೊದಲೇ ಮನೆಯಲ್ಲಿ ಕಂಡಿದ್ದೆ. ಸಂಜೆಯ ಜಪಸರದ ವೇಳೆಗೆ ಒಂದು ಪಾವು ಅಕ್ಕಿಗೋ ಮಗುವಿನ ಜ್ವರಕ್ಕೆ ಕಷಾಯದ ಸೊಪ್ಪಿಗೋ ನೆರೆಮನೆಯವರು ಬಂದು ನಿಲ್ಲುತ್ತಿದ್ದರು. ತಾಯಿಯವರು ಹೇಳುತ್ತಿದ್ದ ನಮೋ ಮರಿಯ ಜಪವನ್ನು ಮುಗಿಸಿ, ಆ ಮಣಿಯ ಮೇಲೆ ಹೆಬ್ಬೆರಳನ್ನು ಒತ್ತಿಕೊಂಡೇ ಎದ್ದು ಹೋಗುತ್ತಿದ್ದರು. ಮರಳಿ ಬಂದು ಕುಳಿತಾಗ ಬೆರಳು ಅದೇ ಮಣಿಯ ಮೇಲೆ ಇರುತ್ತಿತ್ತು. ಮುಂದಿನ ಮಣಿಯಿಂದ ಪ್ರಾರ್ಥನೆ ಸಾಗುತ್ತಿತ್ತು.

ಧರ್ಮಸಭೆಯು ಬಾಗಿಲು ತೆರೆಯುವ ಕೆಲಸದಲ್ಲೇ ಪಾವನರಾದವರೊಬ್ಬರನ್ನು ನಮ್ಮ ಮುಂದಿರಿಸಿದೆ. ಅವರು ಸ್ಪೇನ್ ದೇಶದ ಸಂತ ಅಲ್ಫೋನ್ಸ್ ರೊಡ್ರಿಗಸ್. ಸೆಗೋವಿಯಾ ನಗರದ ವ್ಯಾಪಾರಿಯಾಗಿದ್ದ ಅವರ ವಿದ್ಯಾಭ್ಯಾಸ ತಂದೆಯ ಮರಣದಿಂದ ನಿಂತಿತು. ಸಂಸಾರ ಹೆಂಡತಿ ಮಕ್ಕಳ ಮರಣದಿಂದ ಮುರಿಯಿತು. ಹೆಚ್ಚು ಓದಿಲ್ಲದ ಅವರನ್ನು ಯೇಸುಸಭೆಯವರು ಮೊದಲು ಸೇರಿಸಿಕೊಳ್ಳಲಿಲ್ಲ. 1571ರಲ್ಲಿ ಸಹೋದರನಾಗಿ ಸೇರಿದ ಅವರನ್ನು ಮಯೋರ್ಕಾ ದ್ವೀಪದ ಕಾಲೇಜಿಗೆ ಕಳುಹಿಸಲಾಯಿತು. ಅಲ್ಲಿ ಅವರು ದೀರ್ಘಕಾಲ ದ್ವಾರಪಾಲಕರಾಗಿದ್ದರು. ಗಂಟೆ ಬಾರಿಸಿದಾಗಲೆಲ್ಲ, ಹೊರಗೆ ನಿಂತಿರುವವನು ಪ್ರಭುವೇ ಎಂಬ ಭಾವದಿಂದ ಅವರು ಬಾಗಿಲಿಗೆ ಹೋಗುತ್ತಿದ್ದರು. ಆ ಕಾಲೇಜಿನಲ್ಲಿ ಓದುತ್ತಿದ್ದ ಪೀಟರ್ ಕ್ಲೇವರ್ ಎಂಬ ಯುವಕನಿಗೆ ದೂರದ ಅಮೆರಿಕಕ್ಕೆ ಸೇವೆಗೆ ಹೋಗುವ ಪ್ರೇರಣೆ ನೀಡಿದವರು ಇವರೇ. ಆತನು ಇಂದಿನ ಕೊಲಂಬಿಯಾದ ಕಾರ್ತಹೇನಾದಲ್ಲಿ, ಆಫ್ರಿಕದಿಂದ ಹಡಗುಗಳಲ್ಲಿ ತರಲಾಗುತ್ತಿದ್ದ ಗುಲಾಮರ ಸೇವೆಗೆ ಬದುಕನ್ನೇ ಮುಡಿಪಿಟ್ಟನು. 1888ರಲ್ಲಿ ಇಬ್ಬರನ್ನೂ ಒಟ್ಟಿಗೆ ಸಂತರ ಪಟ್ಟಕ್ಕೇರಿಸಲಾಯಿತು. ತೆರೆದ ಬಾಗಿಲಿನ ಫಲ ಎಲ್ಲಿಯವರೆಗೆ ಮುಟ್ಟುವುದೆಂದು ಬಾಗಿಲು ತೆರೆದವನಿಗೆ ಆ ಗಳಿಗೆಯಲ್ಲಿ ಹೇಗೆ ಗೊತ್ತಾದೀತು?

ಹಾಗೆಂದು ಎಲ್ಲ ಸದ್ದೂ ದೇವರ ಕರೆಯಲ್ಲ. ಸಂತ ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಯೇಸು ನಸುಕಿನಲ್ಲೇ ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಎಲ್ಲರೂ ತಮ್ಮನ್ನು ಹುಡುಕುತ್ತಿದ್ದಾರೆಂದು ಶಿಷ್ಯರು ಬಂದು ಹೇಳಿದಾಗ, ಅವರು ಹಿಂದಿರುಗದೆ ಬೇರೆ ಊರುಗಳತ್ತ ಹೊರಡುತ್ತಾರೆ. ತಂದೆಯ ಚಿತ್ತ ಯಾವುದೆಂದು ಅವರು ಪ್ರಾರ್ಥನೆಯಲ್ಲಿ ಅರಿತಿದ್ದರು. ನಮಗೂ ಈ ವಿವೇಚನೆ ಬೇಕು. ಇಂದು ನಮ್ಮನ್ನು ಹೆಚ್ಚು ತಡೆಯುವುದು ಅಂಗೈಯಲ್ಲಿರುವ ಮೊಬೈಲು. ಮಗು ಶಾಲೆಯ ಸುದ್ದಿ ಹೇಳುತ್ತಿರುವಾಗ ಸಂದೇಶವೊಂದು ಬಂದರೆ ನಮ್ಮ ಕಣ್ಣು ಮಗುವನ್ನು ಬಿಟ್ಟು ಅತ್ತ ಹೊರಳುತ್ತದೆ. ಅಲ್ಲಿ ನೆರವು ಬೇಡುವ ದನಿ ಇದ್ದರೆ ಉತ್ತರಿಸೋಣ. ಅಲ್ಲದಿದ್ದರೆ ಅದು ಕಾಯಲಿ, ಮಗು ಕಾಯುವುದು ಬೇಡ.

ಪ್ರಿಯ ಕುಟುಂಬಗಳೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಒಟ್ಟಿಗೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಂದು ನನ್ನ ದಾರಿಯ ನಡುವೆ ಬಂದವರು ಯಾರು? ನನ್ನ ಬರವನ್ನು ಎದುರುನೋಡುತ್ತಾ ಇನ್ನೂ ಕಾದಿರುವವರು ಯಾರು? ಮೊದಲನೆಯವರಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿರಿ. ಎರಡನೆಯವರ ಬಳಿಗೆ ನಾಳೆ ತಪ್ಪದೆ ಹೋಗಿರಿ.