ಟಿಕೆಟ್ಟಿಲ್ಲದ ಚಿತ್ರಶಾಲೆ

ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಹೆಸರುಗಳು: ಬೇಲೂರು, ಹಳೇಬೀಡು. 2023ರಲ್ಲಿ ಆ ಎರಡು ಸ್ಥಳಗಳೂ ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಬೇರೆ ಊರಿನ ಮಾತೆತ್ತಲು ಯಾರಿಗೂ ಪುರಸೊತ್ತಿಲ್ಲ. ಅದೇ ಅರಸೀಕೆರೆಯಿಂದ ಹಾಸನದ ದಾರಿ ಹಿಡಿದು, ತೆಂಗಿನ ತೋಟಗಳ ನಡುವೆ ಸುಮಾರು 8 ಕಿಲೋಮೀಟರು ಸಾಗಿದರೆ ಹಾರನಹಳ್ಳಿ ಸಿಗುತ್ತದೆ. ಆ ಊರಿನ ಹೆಸರನ್ನು ನಾಡಿನ ಜನ ಕೇಳಿಲ್ಲವೆಂದಲ್ಲ. ಕೋಡಿಮಠದ ಭವಿಷ್ಯವಾಣಿಯ ಸುದ್ದಿ ಬಂದಾಗಲೆಲ್ಲ ಕೇಳುತ್ತಾರೆ. ಮುಂದಾಗುವುದನ್ನು ತಿಳಿಯುವ ಕುತೂಹಲಕ್ಕೆ ದೊರೆತ ಪ್ರಸಿದ್ಧಿ, ಎಂಟುನೂರು ವರ್ಷಗಳ ಹಿಂದೆ ಆಗಿಹೋದುದಕ್ಕೆ ದೊರೆತಿಲ್ಲ, ಅಷ್ಟೆ.

ಹೊಯ್ಸಳರ ಕಾಲಕ್ಕೆ ಇದು ಹಳ್ಳಿಯಾಗಿರಲಿಲ್ಲ, ಅನುಕೂಲವಂತರು ನೆಲಸಿದ್ದ ದೊಡ್ಡ ಊರು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು 1230ರ ದಶಕದಲ್ಲಿ ಇಲ್ಲಿ ಎರಡು ದೇವಾಲಯಗಳನ್ನು ಕಟ್ಟಿಸಿದರು. ಒಂದು ಲಕ್ಷ್ಮೀನರಸಿಂಹನದು, ಅದಕ್ಕೆ ಸಮೀಪದಲ್ಲಿಯೇ ಇನ್ನೊಂದು ಸೋಮೇಶ್ವರನದು. ತಮ್ಮಂದಿರ ಹೆಸರುಗಳಲ್ಲಿ ಒಂದು ಸೋಮನನ್ನೂ ಇನ್ನೊಂದು ಕೇಶವನನ್ನೂ ನೆನಪಿಗೆ ತರುವುದು ಕಾಕತಾಳೀಯವಿದ್ದರೂ ಇರಬಹುದು; ಆದರೆ ಒಂದೇ ಮನೆಯ ಹಣ ಹರಿಗೂ ಹರನಿಗೂ ಸಮನಾಗಿ ಸಂದುದು ಮಾತ್ರ ಕಣ್ಣೆದುರಿಗಿದೆ. ಲಕ್ಷ್ಮೀನರಸಿಂಹನ ಗುಡಿಯ ಗೋಡೆಯ ಮೇಲೆಯೇ ಶಿವನಿಗೂ ಶಕ್ತಿಗೂ ಗೌರವದ ಸ್ಥಾನವಿದೆ. ಇಲ್ಲಿ ವಿಷ್ಣುವಿನ ಮನೆಗೆ ಬಂದ ಶೈವರು ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

ನಗರದ ಜನ ಚಿತ್ರಶಾಲೆಯೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯನ್ನು ನೆನೆಯುತ್ತಾರೆ. 1865ರಲ್ಲಿ ಸ್ಥಾಪನೆಯಾದ ಸರಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ, ಅದರ ಪಕ್ಕದಲ್ಲಿ ವೆಂಕಟಪ್ಪನವರ ಹೆಸರಿನ ಕಲಾಭವನ. ಅಂತಹ ಕಡೆಗಳಲ್ಲಿ ವಿಗ್ರಹವು ತಾನು ಹುಟ್ಟಿದ ಗುಡಿಯನ್ನು ಬಿಟ್ಟು ಬಂದು ಪೀಠದ ಮೇಲೆ ನಿಂತಿರುತ್ತದೆ. ಕೆಳಗೆ ಹೆಸರಿನ ಚೀಟಿ, ಹಿಂದೆ ಬಿಳಿಯ ಗೋಡೆ. ಹಾರನಹಳ್ಳಿಯಲ್ಲಿ ಹಾಗಲ್ಲ. ವಿಗ್ರಹವು ತನ್ನ ಮನೆಯಲ್ಲಿಯೇ ಇದೆ. ಟಿಕೆಟ್ಟಿಲ್ಲ, ಹೆಸರಿನ ಚೀಟಿಯೂ ಇಲ್ಲ, ಕಂದೀಲು ಹಿಡಿದಂತೆ ಮುಂದೆ ಮುಂದೆ ನಡೆದು ಹೇಳಿದ್ದನ್ನೇ ಹೇಳುವ ಮಾರ್ಗದರ್ಶಿಯ ಗದ್ದಲವೂ ಇಲ್ಲ. ಪುರಾತತ್ತ್ವ ಇಲಾಖೆಯ ನೀಲಿಯ ಫಲಕ, ಒಂದಿಷ್ಟು ಹುಲ್ಲು, ನಡುವೆ ಗುಡಿ.

ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಮೋಟಾರಿನಲ್ಲಿ ಬಂದ ಒಂದು ಕುಟುಂಬ ಇಲ್ಲಿ ಇಳಿಯಿತೆನ್ನಿ. ಇಂತಹ ಕಡೆ ತಂದೆಯಾದವನು ಮೊದಲು ಜೇಬಿಗೆ ಕೈಹಾಕಿ, ಹಣ ಕೊಡಬೇಕಾದ ಕಿಟಕಿ ಎಲ್ಲಿ ಎಂದು ಹುಡುಕುತ್ತಾನೆ. ಅದು ಇಲ್ಲವೆಂದು ತಿಳಿದೊಡನೆ ನೋಡತಕ್ಕದ್ದೂ ಹೆಚ್ಚೇನೂ ಇರಲಾರದೆಂಬ ಅನುಮಾನ ಬರುವುದು ಮನುಷ್ಯಸಹಜ. ಹತ್ತು ನಿಮಿಷ ಸುತ್ತಿ, ಮೊಬೈಲಿನಲ್ಲಿ ನಾಲ್ಕು ಚಿತ್ರ ಹಿಡಿದು, ಹಾಸನದಲ್ಲಿ ಊಟದ ಹೊತ್ತಿಗೆ ಮುಟ್ಟಬೇಕೆಂದು ಅವಸರ ಮಾಡುವವರೇ ಹೆಚ್ಚು. ಅವಸರ ಮಾಡದವರಿಗೆ ಮಾತ್ರ ಗೋಡೆ ಮಾತಾಡುತ್ತದೆ.

ನೋಡುವ ಕ್ರಮ ಕಷ್ಟದ್ದೇನಲ್ಲ. ಗುಡಿ ನಿಂತಿರುವುದು ಜಗತಿಯ ಮೇಲೆ. ಆ ಕಟ್ಟೆಯನ್ನೇರಿ ಗೋಡೆಯನ್ನು ಬಲಕ್ಕಿಟ್ಟುಕೊಂಡು ಹೊರಟರೆ ಅದೇ ಪ್ರದಕ್ಷಿಣೆ, ಅದೇ ಪ್ರದರ್ಶನದ ಪಡಸಾಲೆ. ಕಣ್ಣು ಮೊದಲು ಕಾಲಿನ ಮಟ್ಟಕ್ಕೆ ಇಳಿಯಬೇಕು. ಈ ಕಾಲದ ಹೊಯ್ಸಳ ಗುಡಿಗಳಲ್ಲಿ ಗೋಡೆಯ ಬುಡಕ್ಕೆ ಆರು ಪಟ್ಟಿಕೆಗಳು. ಎಲ್ಲಕ್ಕೂ ಕೆಳಗೆ ಭಾರ ಹೊರುವ ಆನೆಗಳು. ಅವುಗಳ ಮೇಲೆ ಕುದುರೆಯ ಸವಾರರು. ಆ ಮೇಲೆ ಸುರುಳಿ ಸುರುಳಿಯಾದ ಬಳ್ಳಿ. ಅದರ ಮೇಲಿನದು ಪುರಾಣಕಥೆಗಳಿಗೆ ಮೀಸಲು. ಬಳಿಕ ಮಕರ, ಕೊನೆಗೆ ಹಂಸ. ಕಥೆಯ ಪಟ್ಟಿಕೆಯನ್ನು ಕಣ್ಣಿನ ನೇರಕ್ಕಿಂತ ತುಸು ಕೆಳಗೆ ಇಟ್ಟಿರುವುದರಿಂದ ದೊಡ್ಡವರು ಬಗ್ಗಿ ನೋಡುವ ಕಡೆ ಮಕ್ಕಳು ನೆಟ್ಟಗೆ ನಿಂತೇ ನೋಡುತ್ತಾರೆ. ಶಿಲ್ಪಿಯ ಉದ್ದೇಶ ಅದಾಗಿತ್ತೋ ಇಲ್ಲವೋ, ಏಳೆಂಟು ವರ್ಷದ ಮಗುವಿಗೆ ಅಲ್ಲಿ ದೊರೆಯುವ ಅನುಕೂಲ ಅಜ್ಜಿಗೆ ದೊರೆಯುವುದಿಲ್ಲ.

ಅಜ್ಜಿಯ ಸರದಿ ಬರುವುದು ಮೇಲಿನ ಸಾಲಿನಲ್ಲಿ. ಆರು ಪಟ್ಟಿಕೆಗಳ ಮೇಲೆ ದೇವತೆಗಳು ಸಾಲಾಗಿ ನಿಂತಿದ್ದಾರೆ. ಅವರ ನೆತ್ತಿಗೆ ಒಂದು ಸೂರು. ಅದರ ಮೇಲೆ ಪುಟ್ಟ ಪುಟ್ಟ ಗೋಪುರಗಳು. ಅದಕ್ಕೂ ಮೇಲೆ ಚಾವಣಿಯ ಸೂರು. ವಿಷ್ಣುವಿನ ಮೂರ್ತಿಗಳೆಲ್ಲ ಮೊದಲ ನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಕಾಣುತ್ತವೆ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಗುಟ್ಟಿರುವುದು ಯಾವುದು ಯಾವ ಕೈಯಲ್ಲಿದೆಯೆಂಬುದರಲ್ಲಿ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಅದಲುಬದಲು ಮಾಡಿದರೆ 24 ಬಗೆಗಳಾಗುತ್ತವೆ. ಒಂದೊಂದಕ್ಕೂ ಒಂದೊಂದು ಹೆಸರು. ಕೇಶವ, ನಾರಾಯಣ, ಮಾಧವ ಎಂದು ಮನೆಯ ಹಿರಿಯರು ಬೆಳಗಿನ ಆಚಮನದಲ್ಲಿ ಹೇಳಿಕೊಳ್ಳುವ ಹೆಸರುಗಳು ಇವೇ. ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಕೆಳಗಿನ ಬಲಗೈಯಲ್ಲಿ ಪದ್ಮವಿದ್ದರೆ ಆತ ಕೇಶವ. ಅರವತ್ತು ವರ್ಷ ಕಿವಿಯಿಂದ ಮಾತ್ರ ಬಲ್ಲ ಹೆಸರು ಕಲ್ಲಿನಲ್ಲಿ ಕೈಕಾಲು ಮೂಡಿಸಿಕೊಂಡು ಎದುರಿಗೆ ನಿಂತಾಗ, ಮಂಡಿನೋವಿನ ಅಜ್ಜಿಯೂ ಇನ್ನೊಂದು ಸುತ್ತು ಬರೋಣವೆನ್ನುತ್ತಾಳೆ.

ಇಷ್ಟು ನಯವಾದ ಕೆಲಸಕ್ಕೆ ಒದಗಿದುದು ಬಳಪದ ಜಾತಿಯ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೃದು, ಗಾಳಿಗೊಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಕೊರಳಿನ ಹಾರದ ಮಣಿಯೊಂದೊಂದನ್ನೂ ಬೇರೆಬೇರೆಯಾಗಿ ಬಿಡಿಸಲು ಸಾಧ್ಯವಾದುದು ಆ ಗುಣದಿಂದ. ಒಳಗೆ ಕಾಲಿಟ್ಟರೆ ಚರಕಿ ಹಿಡಿದು ಕಡೆದಂತಹ ಕಂಬಗಳು, ತಲೆಯೆತ್ತಿದರೆ ಕಮಾನು ಕಮಾನಾಗಿ ಒಳಸರಿಯುವ ಭುವನೇಶ್ವರಿಗಳು. ಗುಡಿ ತ್ರಿಕೂಟ, ಕೇಶವ, ಲಕ್ಷ್ಮೀನರಸಿಂಹ, ವೇಣುಗೋಪಾಲರಿಗೆ ಮೂರು ಗರ್ಭಗೃಹಗಳು, ನಡುವೆ ಒಂದೇ ನವರಂಗ.

ಮಾಡಿದವರು ಯಾರು? ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಬರೆದಿಟ್ಟುಹೋದುದು ನಾಡಿನ ಪುಣ್ಯ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರು ಉಳಿಸಿದರು. ಒಂದು ಶತಮಾನ ಕಳೆದ ಮೇಲೆ ಹೆಚ್ಚಾಗಿ ಕಾಣಸಿಗುವ ಹೆಸರು ಮಲ್ಲಿತಮ್ಮ. 1196ರ ಅಮೃತಪುರದಿಂದ ಮೊದಲಾಗಿ ಸುಮಾರು ಆರು ದಶಕಗಳಾಚೆಯ ಸೋಮನಾಥಪುರದವರೆಗೆ ಅದು ಹರಡಿದೆ. ಹಾರನಹಳ್ಳಿಯ ಕೆಲಸದಲ್ಲಿಯೂ ಅವನ ಕೈಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕೆಲವೆಡೆ ಪೂರ್ತಿ ಹೆಸರು ಬರೆಯದೆ 'ಮಲ್ಲಿ' ಎಂದೋ ಬರಿಯ 'ಮ' ಎಂದೋ ಬಿಟ್ಟಿರುತ್ತಾನೆ. ಮುಂದಿನ ವಿಗ್ರಹ ಕಾಯುತ್ತಿದ್ದಾಗ ಸಹಿಗೆ ಅಷ್ಟೇ ಸಾಕೆನಿಸಿತೇನೋ.

ಇನ್ನು 'ಉಚಿತ'ವೆಂಬ ಮಾತು. ನೋಡಲು ಬರುವವನಿಗೆ ಹಾರನಹಳ್ಳಿ ಉಚಿತವೇ ಸರಿ. ಆದರೆ ಬೆಲೆ ಕೊಡುವವರೇ ಇಲ್ಲವೆಂದು ತಿಳಿಯುವುದು ತಪ್ಪು. ಅಂದು ಕೊಟ್ಟವರು ಮೂವರು ಸೋದರರು. ಇಂದು ಕೊಡುತ್ತಿರುವವರು ನೆರೆಹೊರೆಯವರು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳೊಳಗೆ ಹೊಸ ಕಟ್ಟಡ ಏಳಕೂಡದು. ಅದರಾಚೆಯ 200 ಮೀಟರುಗಳಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದು. ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಮಗನಿಗೆ ಮದುವೆಯಾಯಿತು, ಮೇಲೊಂದು ಕೋಣೆ ಎತ್ತೋಣವೆಂದರೆ ಗುಡಿಯ ಮಗ್ಗುಲಿನವನಿಗೆ ಅದಕ್ಕೆ ಅವಕಾಶವಿಲ್ಲ. ಈ ಮೇರೆಗಳ ಆಚೆಗಿರುವವನಿಗೆ ಆ ತೊಂದರೆಯಿಲ್ಲ. ಈ ನಿಯಮವಿಲ್ಲದಿದ್ದರೆ ಗೋಡೆಗೆ ಗೋಡೆ ಹತ್ತಿ, ಈ ಮೂರ್ತಿಗಳ ಮುಖಕ್ಕೆ ಬೆಳಗಿನ ಬಿಸಿಲೇ ಬೀಳದಿದ್ದೀತು. ನಿಯಮ ನ್ಯಾಯವಾದುದೇ. ಅದರ ಹೊರೆ ಮಾತ್ರ ಕೆಲವೇ ಮನೆಗಳ ಮೇಲೆ ಬಿದ್ದಿದೆ, ಆ ಮನೆಗಳಿಗೆ ಪ್ರತಿಯಾಗಿ ಬರುವುದು ಅತ್ಯಲ್ಪ. ಪ್ರವಾಸಿಗರು ಇಲ್ಲಿ ಉಣ್ಣುವುದಿಲ್ಲ, ತಂಗುವುದಿಲ್ಲ. ಹತ್ತು ನಿಮಿಷ ನಿಂತು ಹೋಗುವವರಿಂದ ಊರಿನ ಹೋಟೆಲಿಗೆ ಒಂದು ಕಾಫಿಯ ವ್ಯಾಪಾರವೂ ಖಂಡಿತವಿಲ್ಲ. ಒಂದು ಹೊತ್ತು ಕಳೆದು, ತಿಂಡಿಯನ್ನು ಇಲ್ಲಿಯೇ ತಿಂದು, ಎಳನೀರನ್ನು ಇಲ್ಲಿಯೇ ಕುಡಿದು ಹೋಗುವ ಕುಟುಂಬವು ಕೊಡದ ಟಿಕೆಟ್ಟಿನ ಹಣವನ್ನು ಸಲ್ಲಬೇಕಾದವರಿಗೇ ಸಲ್ಲಿಸಿದಂತಾಗುತ್ತದೆ.

ಹೊರಡುವ ಮುನ್ನ ಸೋಮೇಶ್ವರನ ಗುಡಿಯನ್ನು ನೋಡದೆ ಬಿಡಬಾರದು. ಅನೇಕರು ಬಿಡುತ್ತಾರೆ. ಒಂದನ್ನು ನೋಡಿದರೆ ಎರಡನ್ನೂ ನೋಡಿದಂತೆಯೇ ಎಂಬ ತಪ್ಪು ತಿಳಿವಳಿಕೆ ಇದಕ್ಕೆ ಕಾರಣ. ಇದು ಏಕಕೂಟ, ಗರ್ಭಗೃಹ ಒಂದೇ, ಶಿಖರ ಒಂದೇ. ಗೋಡೆಯ ಬುಡದಲ್ಲಿ ಇಲ್ಲಿಯೂ ಪಟ್ಟಿಕೆಗಳುಂಟು, ಆದರೆ ಅವುಗಳಲ್ಲಿ ಬಹುಪಾಲು ಖಾಲಿ. ಕಲ್ಲನ್ನು ಅಳತೆಗೆ ಕಡಿದು, ನುಣುಪು ಮಾಡಿ, ಸಾಲಾಗಿ ಕೂಡಿಸಿದ್ದಾರೆ. ಆನೆ ಬಂದಿಲ್ಲ, ಸವಾರ ಬಂದಿಲ್ಲ, ಬಳ್ಳಿ ಚಿಗುರಿಲ್ಲ. ಕಟ್ಟಡವೆದ್ದ ಮೇಲೆ ನಿಂತ ಗೋಡೆಯ ಮೇಲೆಯೇ ಈ ಸಾಲುಗಳನ್ನು ಕೆತ್ತುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ತುಂಬಿದ ಪುಟವನ್ನೂ ಗೆರೆ ಮಾತ್ರ ಎಳೆದ ಪುಟವನ್ನೂ ಒಂದೇ ಊರಿನಲ್ಲಿ, ಒಂದೇ ದಾನಿಗಳ ಕೆಲಸದಲ್ಲಿ, ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಯಾವ ನಗರದ ಚಿತ್ರಶಾಲೆಯಲ್ಲಿ ಸಿಕ್ಕೀತು? ಬೇಲೂರು, ಹಳೇಬೀಡುಗಳಲ್ಲಿ ಮುಗಿದ ಕೆಲಸದ ಬೆರಗು ನೋಡುವವನನ್ನು ಮೂಕನನ್ನಾಗಿಸುತ್ತದೆ. ಇಲ್ಲಿ ಉಳಿಯ ಮುಂದಿನ ಏಟು ಎಲ್ಲಿ ಬೀಳಬೇಕಾಗಿತ್ತೆಂದು ಊಹಿಸಬಹುದು.

ಮಕ್ಕಳು ಅದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಇಲ್ಲಿ ಏನೂ ಇಲ್ಲವೆಂದು ತಂದೆ ಮೋಟಾರಿನ ಕಡೆ ತಿರುಗುವಷ್ಟರಲ್ಲಿ, ಮೊದಲ ಗುಡಿಯಲ್ಲಿ ಪಟ್ಟಿಕೆಗಳನ್ನು ಎಣಿಸಿ ಬಂದ ಹುಡುಗಿ ಖಾಲಿ ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕೈಯನ್ನು ಕಲ್ಲಿಗೆ ತಾಗಿಸದೆ ಬೆರಳು ತೋರಿಸುತ್ತ, "ಅಜ್ಜಿ, ಇದು ಆನೆಯದು, ಇದು ಕುದುರೆಯದು, ಇದು ಕಥೆಯದು" ಎಂದು ಒಂದೊಂದಕ್ಕೂ ಜಾಗ ಹಂಚುತ್ತಾಳೆ. "ಯಾವ ಕಥೆಯೇ?" ಎಂದು ಅಜ್ಜಿ ಕೇಳುತ್ತಾಳೆ. ಹಾಸನದ ಊಟಕ್ಕೆ ಆಗಲೇ ಹೊತ್ತು ಮೀರಿರುತ್ತದೆ.